ನೆಂಟಸ್ತಿಕೆ ನೋಡ್ತಿರೋ ಹುಡುಗನ ಕಾಯಿಲೆ ಬಗ್ಗೆ ಬಾಯಿಬಿಡದೆ ಬರೀ ಸೂಚನೆ ಕೊಟ್ರೆ ನರ್ಸಿಂಗ್ ಎಥಿಕ್ಸ್ ಪ್ರಕಾರ ತಪ್ಪಾ?

ನಿಮ್ಮ ನಾದಿನಿಗೆ ನೋಡಿರೋ ಹುಡುಗ ನಿಮ್ಮ ಆಸ್ಪತ್ರೇಲೇ ಟ್ರೀಟ್‌ಮೆಂಟ್ ತಗೋತಿದಾನೆ, ಕಾಯಿಲೆ ಹೆಸರು ಎತ್ತದೆ "ಸ್ವಲ್ಪ ವಿಚಾರಿಸ್ಕೊಳ್ಳಿ" ಅಂತ ಮಾತ್ರ ಅಂದ್ರೆ ಏನು ತಪ್ಪು ಅಂತ ಕೇಳಿದೀರ. ಕೆಲಸ ಚೆನ್ನಾಗಿ ಮಾಡಿದ್ರೆ ಸಾಕು, ಕೆಲಸ ಬೇರೆ ಎಥಿಕ್ಸ್ ಬೇರೆ ಅಂತಾನೂ ಬರೆದಿದೀರ. ನಾನೂ ಹೆಸರು ಎತ್ತಿರ್ಲಿಲ್ಲ ಕಣ್ರೀ.

ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ತಾಲ್ಲೂಕು ಆಸ್ಪತ್ರೆಗೆ ಸೇರಿದ ಹೊಸದು. ನಮ್ಮನೆ ಹಿಂದಿನ ಬೀದಿ ಹುಡುಗಿ ಒಬ್ಳು ಕತ್ತಲ್ಲಿ ಗಡ್ಡೆ ಅಂತ ಬಂದ್ಲು. ಸೂಜಿ ಹಾಕಿ ತೆಗೆದು ಟೆಸ್ಟಿಗೆ ಕಳಿಸಿದ್ರು, ಟಿಬಿ ಅಂತ ಬಂತು. ಶ್ವಾಸಕೋಶದ್ದಲ್ಲ, ಕತ್ತಿನ ಗ್ರಂಥಿದು, ಎಕ್ಸ್‌ರೇ ಕ್ಲಿಯರ್ ಇತ್ತು, ಅಂದ್ರೆ ಅವಳಿಂದ ಇನ್ನೊಬ್ರಿಗೆ ಹರಡೋ ಭಯಾನೇ ಇರ್ಲಿಲ್ಲ. ಮೊದಲ 2 ತಿಂಗಳು ನಾಲ್ಕು ಔಷಧಿ, ಆಮೇಲೆ 4 ತಿಂಗಳು ಮೂರು, ತಪ್ಪಿಸದೆ ನುಂಗಿದ್ರೆ ವಾಸಿಯಾಗೋ ಕಾಯಿಲೆ. ಮಾತ್ರೆ ಶುರುವಾದ ವಾರದಲ್ಲೇ ಇಂಜೆಕ್ಷನ್ ರೂಮಿಗೆ ಬಂದು ಬಾಗಿಲು ಮುಂದಕ್ಕೆ ಎಳ್ಕೊಂಡು "ಅಕ್ಕಾ, ಮೂತ್ರ ಕೇಸರಿ ಬಣ್ಣಕ್ಕೆ ಹೋಗ್ತಿದೆ, ರಕ್ತಾನಾ" ಅಂತ ಪಿಸುಗುಟ್ಟಿದ್ಲು. ಅಲ್ಲಮ್ಮಾ, ರಿಫಾಂಪಿಸಿನ್ ಅನ್ನೋ ಔಷಧಿ ಬಣ್ಣ ಅದು, ಹೆದರ್ಬೇಡ ಅಂದೆ. ಅವಳ ಮನೇಲಿ ಅಮ್ಮನ ಬಿಟ್ರೆ ಯಾರಿಗೂ ವಿಷಯ ಗೊತ್ತಿರ್ಲಿಲ್ಲ, ಆಚೆ ನನ್ನೊಬ್ಳನ್ನ ಹೀಗೆ ಕೇಳೋ ಧೈರ್ಯ ಮಾಡಿದ್ಲು.

ಅದೇ ಹೊತ್ತಿಗೆ ನಮ್ಮ ದೊಡ್ಡಮ್ಮನ ಕಡೆಯವರು ಆ ಹುಡುಗೀನ ನೋಡಿ ಒಪ್ಪಿದ್ರು. ದೊಡ್ಡಮ್ಮ ಒಂದಿನ ಅವರೆಕಾಯಿ ಬಿಡಿಸ್ತಾ "ಆಸ್ಪತ್ರೆ ಹತ್ರ ಕಾಣಿಸ್ತಾಳಂತಲ್ಲೇ, ಏನು ಸಮಾಚಾರ" ಅಂದ್ರು. ನಾನು "ಏನಿಲ್ಲ ದೊಡ್ಡಮ್ಮ, ಹುಡುಗಿ ಬಂಗಾರದಂಥವ್ಳು, ಬೇಕಾದ್ರೆ ಒಂದಾರು ತಿಂಗಳು ತಡೆದು ಮಾತಾಡಿ" ಅಂದೆ. ಅಷ್ಟೇ ನಾನು ಹೇಳಿದ್ದು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನೀವು ನಿಂತಿರೋದೂ ಇದೇ ಜಾಗದಲ್ಲಿ. ಟಿಬಿ ಅಂತ ಹೇಳಿಲ್ಲ, ಸುಳ್ಳೂ ಹೇಳಿಲ್ಲ, ಕೋರ್ಸ್ ಮುಗಿದ್ಮೇಲೆ ಮದುವೆ ಆದ್ರೆ ಅವಳಿಗೂ ಒಳ್ಳೇದು ಅಂತ ನನ್ನ ಲೆಕ್ಕ. ಆದ್ರೆ ಊರ ಕಡೆ ಆರು ತಿಂಗಳ ಮಾತ್ರೆ ಅಂದ್ರೆ ಏನು ಅಂತ ಗೊತ್ತಿಲ್ಲದವರು ಯಾರಿದಾರೆ? ದೊಡ್ಡಮ್ಮನ ಮೈದುನಾನೇ ಅದನ್ನ ನುಂಗಿದ್ದ ಮನುಷ್ಯ. ಅದು ಹೋಗ್ಲಿ, ಮೂರು ತಿಂಗಳು ಅಂದಿದ್ರೂ, ಬರೀ "ಅವಸರ ಬೇಡ" ಅಂದಿದ್ರೂ ಅದೇ ಆಗ್ತಿತ್ತು, ಯಾಕಂದ್ರೆ ಮಾತಾಡ್ತಿರೋದು ಆಸ್ಪತ್ರೆ ಒಳಗಿರೋ ನರ್ಸು. ನಾನು ಅರ್ಧ ಹೇಳಿದ್ದಕ್ಕೆ ಉಳಿದರ್ಧ ಅವರೇ ಸೇರಿಸ್ಕೊಂಡ್ರು, ಸೇರಿಸ್ಕೊಂಡಿದ್ದು ನಿಜಕ್ಕಿಂತ ಕೆಟ್ಟದಾಗಿತ್ತು: ಕ್ಷಯ, ಮನೆಯವರಿಗೆಲ್ಲ ಅಂಟತ್ತೆ, ಮಕ್ಕಳಾಗಲ್ಲ. ಪೂರ್ತಿ ಹೇಳಿದ್ರೆ "ಇದು ಅಂಟಲ್ಲ, ವಾಸಿಯಾಗತ್ತೆ" ಅನ್ನೋದಾದ್ರೂ ಜೊತೆಗೆ ಹೋಗ್ತಿತ್ತು. ಹಾಗಂತ ಪೂರ್ತಿ ಹೇಳೋ ಹಕ್ಕೂ ನನಗಿರ್ಲಿಲ್ಲ. ಮದುವೆ ಯಾವಾಗ ಮಾತಾಡ್ಬೇಕು ಅನ್ನೋದನ್ನ ಅವಳ ಪರವಾಗಿ ನಾನು ಯಾಕೆ ತೀರ್ಮಾನ ಮಾಡ್ಬೇಕಿತ್ತು, ಅವಳನ್ನ ಒಂದು ಮಾತು ಕೇಳಿದ್ನಾ?

ಸಂಬಂಧ ಮುರೀತು. ಅದಕ್ಕಿಂತ ದೊಡ್ಡದು ಆಮೇಲಾಯ್ತು. ಅವಳು ಆಸ್ಪತ್ರೆ ಕಡೆ ಬರೋದೇ ನಿಲ್ಲಿಸಿದ್ಲು, ಆಶಾ ಕಾರ್ಯಕರ್ತೆಗೂ ಮನೆ ಹತ್ರ ಬರ್ಬೇಡಿ ಅಂದ್ಲಂತೆ, ಮಾತ್ರೆ ಮಧ್ಯದಲ್ಲೇ ನಿಂತೋಯ್ತು. ಕತ್ತಿನ ಗಡ್ಡೆ ಮತ್ತೆ ಊದಿ ಒಡೆದು ಕೀವು ಸೋರೋಕೆ ಶುರುವಾದ್ಮೇಲೆ ಮೈಸೂರಲ್ಲಿ ನೆಂಟರ ಮನೇಲಿದ್ಕೊಂಡು ಮೊದಲಿಂದ ಟ್ರೀಟ್‌ಮೆಂಟ್ ಶುರು ಮಾಡಿದ್ಲು. ಅವರಮ್ಮ ಒಂದಿನ ಬಿಪಿ ನೋಡಿಸ್ಕೊಳ್ಳೋಕೆ ಬಂದವರು, ನಾನು ಪಟ್ಟಿ ಸುತ್ತೋಕೆ ಹೋದ್ರೆ ಕೈ ಹಿಂದಕ್ಕೆ ತಗೊಂಡು "ಬೇರೆ ಸಿಸ್ಟರ್ ಇದ್ರೆ ಕರೀರಮ್ಮ" ಅಂದ್ರು. ಇನ್‌ಚಾರ್ಜ್ ಸಿಸ್ಟರ್‌ಗೆ ಎಲ್ಲಾ ಹೇಳ್ಕೊಂಡು ಅತ್ತೆ. ಅವರು ಸಮಾಧಾನ ಮಾಡ್ಲಿಲ್ಲ. "ನೀನು ಮೆಡಿಸಿನ್ ತಪ್ಪು ಕೊಟ್ಟಿದ್ರೆ ಒಂದು ಡೋಸ್ ತಪ್ತಿತ್ತು, ಇದರಿಂದ ಅವಳ ಕೋರ್ಸೇ ತಪ್ಪೋಯ್ತು" ಅಂದ್ರು.

ಅದಕ್ಕೇ ಕೆಲಸ ಬೇರೆ ಎಥಿಕ್ಸ್ ಬೇರೆ ಅನ್ನೋ ನಿಮ್ಮ ಮಾತನ್ನ ನಾನು ಒಪ್ಪಲ್ಲ. ಗುಟ್ಟು ನಿಲ್ಲಲ್ಲ ಅಂತ ಗೊತ್ತಾದ ಕಡೆ ರೋಗಿ ಬರಲ್ಲ, ಬಂದ್ರೂ ನಿಜ ಹೇಳಲ್ಲ, ಆಮೇಲೆ ನಿಮ್ಮ ಸ್ಕಿಲ್ ಇಟ್ಕೊಂಡು ಏನ್ ಮಾಡ್ತೀರ? ಲ್ಯಾಂಪ್ ಲೈಟಿಂಗ್ ದಿನ, ಅಂದ್ರೆ ನರ್ಸಿಂಗ್ ಓದೋರು ದೀಪ ಹಿಡಿದು ಪ್ರತಿಜ್ಞೆ ಮಾಡೋ ದಿನ, ನಾವೆಲ್ಲ ಒದರೋ ನೈಟಿಂಗೇಲ್ ಪ್ರತಿಜ್ಞೆ 1893ರಲ್ಲಿ ಅಮೆರಿಕದ ಡೆಟ್ರಾಯ್ಟಲ್ಲಿ ಬರೆದಿದ್ದು, ಅದರಲ್ಲಿ ರೋಗಿಯ ಖಾಸಗಿ ವಿಷಯದ ಜೊತೆಗೆ ಅವರ ಮನೆ ವಿಷಯಾನೂ ಗುಟ್ಟಾಗಿಡ್ತೀನಿ ಅಂತ ಇದೆ. ಇಂಗ್ಲಿಷಲ್ಲಿ ಬಾಯಿಪಾಠ ಮಾಡಿದ್ವಿ, ಕಿವಿಗೇ ಹಾಕ್ಕೊಂಡಿರ್ಲಿಲ್ಲ.

ಹಾಗಾದ್ರೆ ನಾದಿನಿ ಜೀವನ ಅಂತೀರ, ಸರಿ. ಹುಡುಗನ ಕಾಯಿಲೆ ಯಾವುದು ಅಂತ ನೀವು ಬರೆದಿಲ್ಲ, ಇಲ್ಲಿ ಬರೀಲೂ ಬೇಡಿ. ಎಚ್‌ಐವಿ ಆಗಿದ್ರೆ ಯಾರೋ ನಿಮಗೆ ಮದುವೆ ಆಗೋ ಹುಡುಗಿಗೆ ಹೇಳ್ಬಹುದು ಅಂತ 1998ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸ್ಬಹುದು, ಅದನ್ನ ನೆಚ್ಕೋಬೇಡಿ. 2017ರ ಎಚ್‌ಐವಿ ಏಡ್ಸ್ ಕಾಯ್ದೆ ಬಂದಿದೆ. ಅದರಲ್ಲಿ ಸಂಗಾತಿಗೆ ತಿಳಿಸೋದಕ್ಕೆ ದಾರಿ ಇರೋದು ಡಾಕ್ಟರ್‌ಗೆ ಅಥವಾ ಕೌನ್ಸೆಲರ್‌ಗೆ, ಅದೂ ಮೊದಲು ಆ ವ್ಯಕ್ತಿಗೇ ತಿಳಿಹೇಳಿ, ಅವನು ಹೇಳಲ್ಲ ಅಂತ ಖಾತ್ರಿ ಆಗಿ, ನಾವು ಹೇಳ್ತೀವಿ ಅಂತ ಅವನಿಗೆ ಮುಂಚೆ ತಿಳಿಸಿದ್ಮೇಲೆ. ಅತ್ತೆ ಮಾವನಿಗೆ ಅಡುಗೆಮನೇಲಿ ಸೂಚನೆ ಕೊಡೋ ದಾರಿ ಅದರಲ್ಲಿಲ್ಲ. ಬೇರೆ ಕಾಯಿಲೆ ಆದ್ರೂ ಅವನಿಗೆ ನೋಡ್ತಿರೋ ಡಾಕ್ಟರ್ ಹತ್ರ ನಾಳೆನೇ ಹೋಗಿ, ನಮ್ಮ ಮನೆ ಸಂಬಂಧ ಬರ್ತಿದೆ, ನಾನೇನು ಮಾಡ್ಲಿ ಅಂತ ಕೇಳಿ, ಆ ಹುಡುಗನ ಫೈಲ್ ಇನ್ಮೇಲೆ ಬೇರೆಯವರಿಗೆ ಕೊಡ್ಸಿ. ನಾದಿನಿಗೆ ಯಾವ ಹುಡುಗನೇ ಬರ್ಲಿ, ಆರೋಗ್ಯದ ವಿಷಯ ಅವನ ಹತ್ರಾನೇ ಕೂತು ಮಾತಾಡು, ಇಬ್ರೂ ಟೆಸ್ಟ್ ಮಾಡಿಸ್ಕೊಳ್ಳಿ ಅನ್ನಿ. ಇದು ಎಲ್ಲರಿಗೂ ಹೇಳೋ ಮಾತು, ಇದರಿಂದ ಯಾರ ಗುಟ್ಟೂ ಒಡೆಯಲ್ಲ.

ಮನೇಲಿ ಕೇಳಿದ್ರೆ "ಆಸ್ಪತ್ರೆಗೆ ಬರೋರ ವಿಷಯ ನಾನು ಮನೇಲಿ ಮಾತಾಡಲ್ಲ" ಅಂತ ಅನ್ನಿ, ಆದ್ರೆ ಇವತ್ತೊಂದೇ ದಿನ ಅಂದ್ರೆ ಅದೂ ಸೂಚನೆ ಆಗತ್ತೆ. ಬರೀ ನೆಗಡಿ ಅಂತ ಬಂದವರ ಬಗ್ಗೆ ಕೇಳಿದ್ರೂ ಇದೇ ಉತ್ತರ ಕೊಡಿ. ಮೊದಮೊದಲು ಬೈತಾರೆ, ಅಹಂಕಾರ ಅಂತಾರೆ. ನಮ್ಮ ದೊಡ್ಡಮ್ಮ ಈಗ ಕೇಳೋದೇ ಬಿಟ್ಟಿದಾರೆ.