ಆಗ ಅಪ್ಪನಿಗೆ ಎಪ್ಪತ್ತು

ಈ ವರ್ಷ ಮೂರು ಮನೆಯವರು ಒಂದೇ ಜಗಳ ಹೊತ್ತು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದರು. ಮೂವರೂ ಅಮೆರಿಕದಲ್ಲಿ ನೆಲೆಸಿದ ಕನ್ನಡದವರು. ಮಕ್ಕಳಿಗೆ ಮೆಡಿಕಲ್ ಸೀಟು ಸಿಕ್ಕಿದೆ, ಸಾಲದ ಮಾತು ಬಂದ ಕೂಡಲೇ ಮನೆಯಲ್ಲಿ ಮಾತು ನಿಂತಿದೆ. ಅದರಲ್ಲಿ ಒಂದು ಮನೆಯ ವಿಷಯವನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಈ ಜಗಳ ಈಗ ಜಾಸ್ತಿ ಆಗಲು ಕಾರಣ ಇದೆ. ಮೊದಲು ಗ್ರಾಡ್ ಪ್ಲಸ್ ಅನ್ನುವ ಸರ್ಕಾರಿ ಸಾಲ ಇತ್ತು. ಓದಿನ ಪೂರ್ತಿ ಖರ್ಚಿಗೆ ಅದು ಸಿಗುತ್ತಿತ್ತು. 2025ರ ಜುಲೈಯಲ್ಲಿ ಬಂದ ಕಾನೂನು 2026ರ ಜುಲೈ 1ರಿಂದ ಹೊಸಬರಿಗೆ ಅದನ್ನು ನಿಲ್ಲಿಸಿತು. ಇನ್ನು ಮೆಡಿಕಲ್ ಓದುವವರಿಗೆ ಫೆಡರಲ್ ಸಾಲ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ಸಾಲ, ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಉಳಿದದ್ದಕ್ಕೆ ಖಾಸಗಿಯವರ ಬಾಗಿಲು ತಟ್ಟಬೇಕು. ಅಲ್ಲಿ ಸಾಮಾನ್ಯವಾಗಿ ಜಾಮೀನು ಕೇಳುತ್ತಾರೆ. ಜಾಮೀನು ಅಂದರೆ ಅಪ್ಪ ಅಥವಾ ಅಮ್ಮ.

ಈ ಮನೆಯ ತಂದೆಗೆ 61 ವರ್ಷ. ಮಗಳ ಕಾಲೇಜಿನ ಖರ್ಚು ವರ್ಷಕ್ಕೆ ಸುಮಾರು 92,000 ಡಾಲರ್. ಅವರು ಏಳು ಸಂಸ್ಥೆಗಳ ಬಡ್ಡಿ ದರ ಬರೆದ ದೊಡ್ಡ ಪಟ್ಟಿ ತಂದಿದ್ದರು. ಎಲ್ಲಕ್ಕಿಂತ ಮೇಲೆ ಹಸಿರು ಬಣ್ಣದಲ್ಲಿ ಶೇಕಡಾ 6.1. ಅವರ ಯೋಚನೆ ಸರಳ: ಪೂರ್ತಿ ಹಣ ಅಲ್ಲೇ ತಗೊಳ್ಳೋಣ. ಫೆಡರಲ್ ಸಾಲದ ದರ 2025–26ರ ಸಾಲಿಗೆ 7.94 ಇತ್ತಲ್ಲ, ಅದು ಯಾಕೆ ಬೇಕು? ಮಗಳು ಮೊದಲ ಎರಡು ಭೇಟಿಯಲ್ಲಿ ತುಟಿ ಬಿಚ್ಚಲಿಲ್ಲ. "ಇವಳಿಗೆ ಓದೋ ಆಸೆನೇ ಹೋಗಿದೆ ಮೇಡಂ" ಅಂತ ತಂದೆ ಬೇಸರಪಟ್ಟರು.

ಮೂರನೇ ಭೇಟಿಯಲ್ಲಿ ಆ ಪಟ್ಟಿಯನ್ನು ಮಗಳ ಕೈಗೆ ಕೊಟ್ಟೆ. "ಇದರಲ್ಲಿ ಏನು ಇಲ್ಲ, ನೀನೇ ಹೇಳಮ್ಮ" ಅಂದೆ. ತುಂಬಾ ಹೊತ್ತು ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗದೆ ಹೇಳಿದಳು:

"ನನಗೆ ಸರ್ಜರಿ ಮಾಡೋ ಆಸೆ. ಓದು 4 ವರ್ಷ, ಆಮೇಲೆ ಆಸ್ಪತ್ರೆಯಲ್ಲಿ ತರಬೇತಿ, ಅಂದರೆ ರೆಸಿಡೆನ್ಸಿ, 5 ವರ್ಷ. ಆಗ ಅಪ್ಪನಿಗೆ 70. ಅಲ್ಲಿವರೆಗೂ ಅಪ್ಪನ ಹೆಸರು ಇದರಲ್ಲಿ ಇರುತ್ತಾ? ನಾನು ಮಧ್ಯದಲ್ಲಿ ಫೇಲಾದರೆ?"

ತಂದೆ ಏನೋ ಹೇಳಲು ಹೋಗಿ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರು, "ಇದನ್ನ ಮೊದಲೇ ಹೇಳಬಾರದಿತ್ತಾ ಪುಟ್ಟಿ" ಅಂದರು. "ನೀವು ಅಷ್ಟು ಖುಷಿಯಾಗಿ ಲೆಕ್ಕ ಹಾಕ್ತಿದ್ರಿ ಅಪ್ಪ" ಅಂದಳು. ಆಸೆ ಹೋಗಿರಲಿಲ್ಲ. ಭಯ ಬಂದಿತ್ತು, ಅದೂ ಅಪ್ಪನಿಗಾಗಿ.

ಆ ದಿನ ಕೊಟ್ಟ ಸಲಹೆ ಇದು. ಮೊದಲು ಫೆಡರಲ್ ಸಾಲ, ಮಿತಿ ಮುಟ್ಟುವವರೆಗೂ. ತಂದೆ ತಕ್ಷಣ ಕೇಳಿದರು, "6.1 ಬಿಟ್ಟು 7.94 ತಗೊಳ್ಳಿ ಅಂತೀರಾ ಮೇಡಂ?" ಹೌದು, ಅಂತೀನಿ. ಆ 6.1 ಏರಿಳಿಯುವ ದರ, ಮುಂದೆ ಎಷ್ಟಾಗುತ್ತೋ ಯಾರೂ ಮಾತು ಕೊಡುವುದಿಲ್ಲ. ಫೆಡರಲ್ ಸಾಲದಲ್ಲಿ ಆಯಾ ವರ್ಷದ ದರ ತೀರುವವರೆಗೂ ಅದೇ. ಜಾಮೀನು ಬೇಡ. ರೆಸಿಡೆನ್ಸಿಯ ಸಣ್ಣ ಸಂಬಳದಲ್ಲಿ ಆದಾಯಕ್ಕೆ ತಕ್ಕ ಕಂತು ಕಟ್ಟಬಹುದು. ಈ ಸಾಲ ತೀರಿಸಲು ಸರ್ಕಾರ ತಂದ ಹೊಸ ಯೋಜನೆಯಲ್ಲಿ ಸರಿಯಾದ ಸಮಯಕ್ಕೆ ಕಟ್ಟಿದ ಕಂತು ಆ ತಿಂಗಳ ಬಡ್ಡಿಗೂ ಸಾಕಾಗದಿದ್ದರೆ ಉಳಿದ ಬಡ್ಡಿ ಮನ್ನಾ. ಲಾಭದ ಉದ್ದೇಶವಿಲ್ಲದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ 120 ಕಂತು ಕಟ್ಟಿದರೆ ಉಳಿದ ಸಾಲವೇ ಮನ್ನಾ ಆಗುವ ದಾರಿಯೂ ಇದೆ. ಸಾಲಗಾರರಿಗೆ ಸಾವು ಅಥವಾ ಪೂರ್ತಿ ಅಂಗವೈಕಲ್ಯ ಬಂದರೆ ಸಾಲ ರದ್ದಾಗುತ್ತದೆ. ಇದನ್ನು ಮಗಳ ಮುಂದೆ ಹೇಳುವುದು ಕಷ್ಟವಾಯಿತು, ಆದರೂ ಹೇಳಿದೆ.

ಖಾಸಗಿ ಸಾಲ ಉಳಿದ ಕೊರತೆಗೆ ಮಾತ್ರ. ಅಲ್ಲಿ ದರಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ. ರೆಸಿಡೆನ್ಸಿಯಲ್ಲಿ ಎಷ್ಟು ತಿಂಗಳು ಕಂತು ಮುಂದೂಡಬಹುದು? ಫ್ಯಾಮಿಲಿ ಮೆಡಿಸಿನ್ 3 ವರ್ಷ, ಜನರಲ್ ಸರ್ಜರಿ 5, ನ್ಯೂರೋಸರ್ಜರಿ 7. ನಾಲ್ಕೇ ವರ್ಷ ಬಿಡುವು ಕೊಡುವ ಸಂಸ್ಥೆ ಸರ್ಜರಿ ಓದುವವಳಿಗೆ ಕೊನೆಯ ವರ್ಷ ಕೈಬಿಟ್ಟಂತೆ. ಆ ಬಿಡುವು ಮುಗಿದಾಗ ಸೇರಿದ ಬಡ್ಡಿಯೆಲ್ಲ ಅಸಲಿಗೆ ಸೇರಿ, ಅದರ ಮೇಲೂ ಬಡ್ಡಿ ಬೀಳುತ್ತದಾ? ಎಷ್ಟು ಕಂತು ಕಟ್ಟಿದ ಮೇಲೆ ಜಾಮೀನುದಾರರ ಹೆಸರು ತೆಗೆಯುತ್ತಾರೆ? ತೆಗೆಯುವುದೇ ಇಲ್ಲವಾ? ಉತ್ತರ ಬರವಣಿಗೆಯಲ್ಲಿ ಬೇಕು. ಅವಸರವೂ ಬೇಡ. ಖಾಸಗಿ ಸಾಲ ಮಂಜೂರಾದ ಮೇಲೆ ಒಪ್ಪಿಕೊಳ್ಳಲು ಕಾನೂನು 30 ದಿನ ಕೊಡುತ್ತದೆ. ಒಪ್ಪಿದ ಮೇಲೂ ರದ್ದು ಮಾಡಲು 3 ಕೆಲಸದ ದಿನ ಇರುತ್ತದೆ.

ಆಪ್ತಸಲಹೆಗಾರ್ತಿಗೆ ಬಡ್ಡಿಯ ಲೆಕ್ಕ ಯಾಕೆ ಅಂತ ಪರಿಚಯದವರೇ ಕೇಳಿದ್ದಾರೆ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಬಂದಿದ್ದರು. ಮಗ ಎರಡನೇ ವರ್ಷಕ್ಕೇ ಮೆಡಿಕಲ್ ಬಿಟ್ಟಿದ್ದ. ಜಾಮೀನು ಹಾಕಿದ್ದ ಆಕೆ ನಿವೃತ್ತಿಯ ಹಣದಲ್ಲಿ ಕಂತು ಕಟ್ಟುತ್ತಿದ್ದರು. ಆಕೆಯನ್ನು ನೋಯಿಸಿದ್ದು ಹಣ ಅಲ್ಲ. ನಾಚಿಕೆಯಿಂದ ಮಗ ಫೋನ್ ಮಾಡುವುದನ್ನೇ ನಿಲ್ಲಿಸಿದ್ದ. ಸಾಲದ ಪತ್ರದಲ್ಲಿ ಇದ್ದ ಒಂದು ಸಹಿ ಅವರಿಬ್ಬರ ಮಧ್ಯೆ ಬಂದು ಕೂತಿತ್ತು. ಆ ಸಹಿ ಹಾಕುವ ಮೊದಲು ಯಾರಾದರೂ ಇಬ್ಬರನ್ನೂ ಕೂರಿಸಿ ಮಾತಾಡಿಸಿದ್ದರೆ ಅಂತ ಇವತ್ತಿಗೂ ಅನಿಸುತ್ತದೆ. ಹಾಗಾಗಿ ನಾನು ಲೆಕ್ಕ ಕೇಳುತ್ತೇನೆ.

ಈ ಮನೆಯವರು ಫೆಡರಲ್ ಸಾಲ 50,000 ತಗೊಳ್ಳಲು ಒಪ್ಪಿದರು. ಉಳಿತಾಯದಿಂದ 12,000 ಹಾಕುವುದಾಗಿ ತಂದೆ ಹೇಳಿದರು. ಇನ್ನುಳಿದ 30,000ಕ್ಕೆ ಸ್ಥಿರ ದರದ ಖಾಸಗಿ ಸಾಲ, ಅದೂ ಈ ಒಂದು ವರ್ಷಕ್ಕೆ ಮಾತ್ರ. ಮುಂದಿನ ವರ್ಷ ಮತ್ತೆ ಕೂತು ಮಾತಾಡುವುದು ಅಂತಾಯಿತು.

ಕಳೆದ ವಾರ ತಂದೆ ಹೊಸ ಪಟ್ಟಿ ಕಳಿಸಿದ್ದರು. ಬಡ್ಡಿ ದರದ ಸಾಲು ಈಗ ನಾಲ್ಕನೆಯದು. ಮೊದಲನೆಯದನ್ನು ಮಗಳು ಸೇರಿಸಿದ್ದಳು: "ಅಪ್ಪನ ಹೆಸರು ಯಾವಾಗ ತೆಗೆಯಬಹುದು?" ಏಳರಲ್ಲಿ ಮೂರು ಸಂಸ್ಥೆಗಳ ಮುಂದೆ ಇನ್ನೂ ಉತ್ತರ ಬಂದಿಲ್ಲ ಅಂತ ಬರೆದಿತ್ತು.