ಬರ್ಸರ್ಕ್: ಆನಿಮೆ ನೋಡಿದ್ದೀರಿ ಅಂತ ಮೊದಲ ವಾಲ್ಯೂಮ್‌ಗಳನ್ನು ಬಿಡಬೇಡಿ

ಕೆಂಟಾರೋ ಮಿಯುರಾ ಅವರ ಬರ್ಸರ್ಕ್ ಮಾಂಗಾ (ಜಪಾನಿ ಕಾಮಿಕ್ಸ್) ಬಗ್ಗೆ ನಿಮ್ಮ ಪೋಸ್ಟ್ ಓದಿದೆ. ಅದರ 1997ರ ಆನಿಮೆಯ (ಕಾರ್ಟೂನ್ ಸರಣಿ) 25 ಎಪಿಸೋಡೂ ನೋಡಿ ಆಯಿತು, ಇನ್ನು ಸೀದಾ ಡೀಲಕ್ಸ್ 5 (ಮೂರು ಮೂರು ವಾಲ್ಯೂಮ್ ಸೇರಿಸಿದ ದಪ್ಪ ಪುಸ್ತಕಗಳಲ್ಲಿ ಐದನೆಯದು) ತಗೊಂಡು ಮುಂದಿನ ಕಥೆ ಓದುತ್ತೇನೆ, ನಾಲ್ಕು ಪುಸ್ತಕದ ದುಡ್ಡು ಉಳಿಯುತ್ತದೆ ಅಂತ ಬರೆದಿದ್ದೀರಿ. ಕೆಳಗೆ ಒಬ್ಬರು "ಹೌದು, ಮೊದಲ ಮೂರು ವಾಲ್ಯೂಮ್ ಸುಮ್ನೆ ಹೊಡೆದಾಟ, ಬಿಡಬಹುದು" ಅಂದಿದ್ದಾರೆ. ಬೇಡ ಮಾರಾಯ್ರೇ. ನಾನು ಮಾಡಿದ್ದೂ ಇದನ್ನೇ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಕಥೆಯಲ್ಲಿ ಎಕ್ಲಿಪ್ಸ್ ಅನ್ನುವ ಘಟನೆ ಗೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಸ್ಪಾಯ್ಲರ್ ಇದೆ.

ನಾನು ಆನಿಮೆ ಮುಗಿಸಿ 14ನೇ ವಾಲ್ಯೂಮ್ ಕೈಗೆತ್ತಿಕೊಂಡೆ. ತಲೆಬುಡ ಗೊತ್ತಾಗಲಿಲ್ಲ. ತಲೆಬುರುಡೆ ಮುಖದ ಸವಾರ ಸ್ಕಲ್ ನೈಟ್ ಯಾರು? ಆ ಆನಿಮೆಯಲ್ಲಿ ಅವನು ಇಲ್ಲವೇ ಇಲ್ಲ. ಕಥಾನಾಯಕ ಗಟ್ಸ್, ಸಂಗಡಿಗರೆಲ್ಲ ಬಲಿಯಾದ ಆ ಎಕ್ಲಿಪ್ಸ್‌ನಿಂದ ಹೇಗೆ ಹೊರಗೆ ಬಂದ ಅಂತಲೂ ಅದರಲ್ಲಿ ತೋರಿಸುವುದಿಲ್ಲ. ಜೊತೆಗೆ ಹಾರಾಡುವ ಪುಟ್ಟ ಎಲ್ಫ್ ಪಕ್ ಎಲ್ಲಿಂದ ಬಂದ? ಅವನನ್ನೂ ಕೈಬಿಟ್ಟಿದ್ದಾರೆ. ಹೋಗಲಿ, ಇದನ್ನೆಲ್ಲ ನೆಟ್ಟಿನಲ್ಲಿ ಹುಡುಕಿ ತಿಳಿದುಕೊಳ್ಳಬಹುದು. ಹಾಗೆ ಹುಡುಕಿದರೂ ಸಿಗದೇ ಹೋಗುವುದು ಕೌಂಟ್‌ನ ಕಥೆ.

ಎರಡು ಮತ್ತು ಮೂರನೇ ವಾಲ್ಯೂಮಿನಲ್ಲಿ ಬರುವ ಈ ಕೌಂಟ್ ಒಬ್ಬ ಅಪೋಸ್ಟಲ್, ಅಂದರೆ ತನ್ನವರನ್ನು ಬಲಿ ಕೊಟ್ಟು ರಾಕ್ಷಸನಾದ ಮನುಷ್ಯ. ದೈತ್ಯ ಬಸವನಹುಳದಂಥ ರೂಪ, ಊರಿನವರನ್ನು ಹಿಡಿದು ತಿನ್ನುವವನು. ಹಿಂದೆ ಹೆಂಡತಿಯನ್ನೇ ಬಲಿ ಕೊಟ್ಟು ಹೀಗಾದವನು. ಗಟ್ಸ್ ಕೈಯಲ್ಲಿ ಏಟು ತಿಂದು ಸಾಯುವ ಹೊತ್ತಿಗೆ ಬೆಹೆಲಿಟ್ ಅನ್ನುವ ಮೊಟ್ಟೆಯಾಕಾರದ ಮಾಯಾವಸ್ತು ತೆರೆಯುತ್ತದೆ, ಬಲಿ ಕೇಳುವ ಗಾಡ್ ಹ್ಯಾಂಡ್ ಅನ್ನುವ ದುಷ್ಟಶಕ್ತಿಗಳು ಬರುತ್ತಾರೆ. ಬದುಕಬೇಕಾ, ಹಾಗಾದರೆ ಮಗಳು ತೆರೇಸಿಯಾಳನ್ನು ಕೊಡು ಅನ್ನುತ್ತಾರೆ. ಅವನ ಬಾಯಿಂದ ಆ ಮಾತು ಹೊರಡುವುದಿಲ್ಲ. ಅಂಥ ರಾಕ್ಷಸನಿಗೆ ಮಗಳನ್ನು ಕೊಡಲು ಆಗುವುದಿಲ್ಲ. ಸತ್ತವರ ಆತ್ಮಗಳು ಬಂದು ಅವನನ್ನು ಕೆಳಗೆ ಎಳೆದುಕೊಂಡು ಹೋಗುತ್ತವೆ.

ಇದನ್ನು ಓದಿಕೊಂಡು ಆಮೇಲೆ 12ನೇ ವಾಲ್ಯೂಮಿಗೆ ಬನ್ನಿ. ಗಟ್ಸ್ ಇದ್ದ ದಳದ ನಾಯಕ ಗ್ರಿಫಿತ್ ಮುಂದೆ ಅದೇ ಗಾಡ್ ಹ್ಯಾಂಡ್, ಅದೇ ಪ್ರಶ್ನೆ. ಬಲಿ ಕೊಡುವುದಿಲ್ಲ ಅನ್ನುವ ದಾರಿ ಇತ್ತು, ಒಬ್ಬ ನರಭಕ್ಷಕನೇ ಆ ದಾರಿ ಹಿಡಿದಿದ್ದ ಅಂತ ನಿಮಗೆ ಗೊತ್ತಿರುತ್ತದೆ. ಹಾಗಾಗಿ ಗ್ರಿಫಿತ್ ಉತ್ತರ ಎದೆಗೆ ಒದ್ದ ಹಾಗೆ ಆಗುತ್ತದೆ. ಮಿಯುರಾ ಕೌಂಟ್‌ನನ್ನು ಮೊದಲೇ ತಂದಿದ್ದು ಇದಕ್ಕೇ ಅಂತ ನನಗೆ ಅನ್ನಿಸುತ್ತದೆ. ನಾನು ಹಿಂದುಮುಂದಾಗಿ ಓದಿದ್ದರಿಂದ ಆ ಏಟು ನನಗೆ ಬೀಳಲಿಲ್ಲ. ಮೊದಲ ಸಲದ ಓದು ಒಂದೇ ಸಲ ಸಿಗುವುದು, ಅಲ್ವಾ? ಅದು ಹೋಯಿತು.

ಮೂರನೇ ವಾಲ್ಯೂಮಿನಲ್ಲಿ ಇನ್ನೊಂದು ಪುಟ ಇದೆ. ಅಪ್ಪನನ್ನು ಕಳೆದುಕೊಂಡ ತೆರೇಸಿಯಾ ಗಟ್ಸ್‌ನನ್ನು ಕೊಂದೇ ತೀರುತ್ತೇನೆ ಅಂತ ಕಿರುಚುತ್ತಾಳೆ. ಅವನು ಬೇಕಂತಲೇ ಒರಟಾಗಿ ಮಾತಾಡಿ ಬೆನ್ನು ತಿರುಗಿಸಿ ನಡೆಯುತ್ತಾನೆ. ಪಕ್ ಎದುರಿಗೆ ಬಂದು ಮುಖ ನೋಡಿದರೆ ಅವನ ಕಣ್ಣಲ್ಲಿ ನೀರು. ಅಲ್ಲಿಯವರೆಗೆ ಅವನನ್ನು ಕಲ್ಲು ಅಂದುಕೊಂಡಿರುತ್ತೇವೆ. "ಸುಮ್ನೆ ಹೊಡೆದಾಟ" ಅಂದವರು ಈ ಪುಟವನ್ನು ಓದಿದ್ದಾರಾ ಅಂತಲೇ ನನಗೆ ಅನುಮಾನ.

ಡೀಲಕ್ಸ್ 1 ಬಿಟ್ಟು 2ರಿಂದ ಶುರು ಮಾಡಿ, ಗೋಲ್ಡನ್ ಏಜ್ (ಗಟ್ಸ್‌ನ ಹಿಂದಿನ ಬದುಕಿನ ಭಾಗ) ಅಲ್ಲಿಂದಲೇ ಅನ್ನುವವರಿಗೂ ಒಂದು ಮಾತು. ಅದು ತಪ್ಪು. ಒಂದೊಂದು ಡೀಲಕ್ಸಿನಲ್ಲಿ ಮೂರು ವಾಲ್ಯೂಮ್ ಇರುತ್ತದೆ. ಗೋಲ್ಡನ್ ಏಜ್ ಶುರುವಾಗುವುದು ಮೂರನೇ ವಾಲ್ಯೂಮಿನ ಕೊನೆಗೆ. ನೇಣು ಹಾಕಿದ ಹೆಂಗಸಿನ ಶವದ ಕೆಳಗೆ ಗಟ್ಸ್ ಹುಟ್ಟಿ ಬಿದ್ದಿರುವುದೇ ಅಲ್ಲಿ. ಅದನ್ನೂ ಬಿಟ್ಟು ಏನು ಓದುತ್ತೀರಿ?

ಒಂದು ಮಾತು ಒಪ್ಪುತ್ತೇನೆ. 1989ರಲ್ಲಿ ಶುರುವಾದ ಸರಣಿ ಇದು, ಆರಂಭದ ಚಿತ್ರಗಳು ಒರಟು. ಮೊದಲ ವಾಲ್ಯೂಮ್ ಕಷ್ಟಪಟ್ಟೇ ಓದಬೇಕು. ಲೈಂಗಿಕ ಹಿಂಸೆ ಮೊದಲಿಂದಲೂ ಇದೆ, 13ನೇ ವಾಲ್ಯೂಮಿನಲ್ಲಿ ಅದೇ ದಳದ ಕಾಸ್ಕಾ ಅನ್ನುವವಳಿಗೆ ಆಗುವುದು ತುಂಬಾ ಘೋರ. ಮನಸ್ಸು ಸರಿ ಇಲ್ಲದ ದಿನ ಅದನ್ನು ತೆರೆಯಬೇಡಿ. ಮೊನ್ನೆ ಇದೇ ಗುಂಪಿನಲ್ಲಿ ಒಬ್ಬರು ಒಂಬತ್ತನೇ ಕ್ಲಾಸಿನ ತಮ್ಮನಿಗೆ ಬರ್ತ್‌ಡೇಗೆ ಕೊಡಲಾ ಅಂತ ಕೇಳಿದ್ದರು. ಖಂಡಿತ ಬೇಡ. ಕಾಮಿಕ್ಸ್ ಅಂದ ತಕ್ಷಣ ಮಕ್ಕಳದ್ದು ಅನ್ನುವ ಅಭ್ಯಾಸ ಬಿಡಿ. ಜಪಾನಿನಲ್ಲೂ ಇದು ಬರುವುದು ದೊಡ್ಡವರ ಪತ್ರಿಕೆಯಲ್ಲಿ.

ಕೊಳ್ಳುವುದಾದರೆ ಇಂಗ್ಲಿಷ್ ಪ್ರಕಾಶಕರಾದ ಡಾರ್ಕ್ ಹಾರ್ಸ್‌ನ ಡೀಲಕ್ಸೇ ಸರಿ. ಪೇಪರ್‌ಬ್ಯಾಕಿನಲ್ಲಿ ಎರಡು ಪುಟಕ್ಕೆ ಹರಡಿದ ಚಿತ್ರಗಳ ನಡುಭಾಗ ಬೈಂಡಿಂಗಿನೊಳಗೆ ನುಂಗಿಹೋಗುತ್ತದೆ. ಆದರೆ ಡೀಲಕ್ಸ್ ಭಾರ ಜಾಸ್ತಿ. ಮಲಗಿಕೊಂಡು ಓದಬೇಡಿ, ತೊಡೆ ಮೇಲೆ ದಿಂಬು ಇಟ್ಟು ಅದರ ಮೇಲೆ ತೆರೆಯಿರಿ. 4 ಮತ್ತು 5 ಒಟ್ಟಿಗೇ ತರಿಸಿ. 4ರಲ್ಲಿ ಇರುವುದು 12ನೇ ವಾಲ್ಯೂಮಿನವರೆಗೆ, ಎಕ್ಲಿಪ್ಸ್ ನಡುವೆಯೇ ಪುಸ್ತಕ ಮುಗಿದುಬಿಡುತ್ತದೆ. ಮುಂದಿನ ಸಂಬಳಕ್ಕೆ ಕಾಯುತ್ತಾ ಅಲ್ಲಿ ನಿಲ್ಲುವುದು ಬಹಳ ಹಿಂಸೆ. ಅರ್ಧ ಬೆಲೆಗೆ ಸಿಗುತ್ತದೆ ಅಂದರೆ ಮೊದಲು ಒಳಪುಟದ ಫೋಟೋ ಕೇಳಿ. ನನಗೆ ಹಾಗೆ ಒಂದು ನಕಲಿ ಬಂದಿತ್ತು. ಕಪ್ಪು ಇರಬೇಕಾದ ಕಡೆಯೆಲ್ಲ ಬೂದಿ ಬಣ್ಣ, ಸಣ್ಣ ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಈ ಮಾಂಗಾದ ಜೀವವೇ ಆ ಗೆರೆಗಳಲ್ಲಿದೆ. ಮೊಬೈಲಿನಲ್ಲಿ ಕದ್ದ ಸ್ಕ್ಯಾನ್ ಓದುವವರಿಗೂ ಇದೇ ಮಾತು.

ಇನ್ನೊಂದು, ಓಡಬೇಡಿ. ದಿನಕ್ಕೆ ಒಂದು ವಾಲ್ಯೂಮ್ ಸಾಕು. ಮಿಯುರಾ 2021ರ ಮೇ 6ರಂದು ತೀರಿಕೊಂಡರು. ಈಗ ಅವರ ಹೈಸ್ಕೂಲ್ ಗೆಳೆಯ ಕೋಜಿ ಮೋರಿ, ತಾವು ಕೇಳಿ ತಿಳಿದಿದ್ದ ಕಥೆಯಂತೆ ಮಿಯುರಾ ಸಹಾಯಕರ ತಂಡವಾದ ಸ್ಟುಡಿಯೋ ಗಾಗಾ ಜೊತೆ 2022ರಿಂದ ಮುಂದುವರಿಸುತ್ತಿದ್ದಾರೆ. ಬೇಗ ಮುಗಿಸಿದರೂ ಕಾಯುವುದು ತಪ್ಪುವುದಿಲ್ಲ.

ಎಕ್ಲಿಪ್ಸ್ ಆದ ಮೇಲೆ ನಾನು ಒಂದು ವಾರ ಮುಶಿಶಿ ಅನ್ನುವ ಇನ್ನೊಂದು ಮಾಂಗಾ ಓದಿದೆ. ಯೂಕಿ ಉರುಶಿಬಾರಾ ಬರೆದದ್ದು, ಹತ್ತೇ ವಾಲ್ಯೂಮ್. ಅದರಲ್ಲೂ ಅಮಾನುಷ ಜೀವಿಗಳೇ, ಆದರೆ ಕೇಡು ಮಾಡಬೇಕು ಅಂತ ಹೊರಟವಲ್ಲ. ಪಾಚಿ, ಮಳೆ, ಕಾಡಿನ ಹಾಗೆ ತಮ್ಮಷ್ಟಕ್ಕೆ ಇರುವವು. ರಾತ್ರಿಗೆ ಒಂದೇ ಕಥೆ ಓದಿ ಪುಸ್ತಕ ಮುಚ್ಚಿ, ಚೆನ್ನಾಗಿ ನಿದ್ದೆ ಬರುತ್ತದೆ.

ಕರಾವಳಿ, ಮಲೆನಾಡು ಕಡೆಯವರಾದರೆ ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಇಡಬೇಡಿ. ನನ್ನ ಎರಡು ಪೇಪರ್‌ಬ್ಯಾಕಿಗೆ ಹಾಗೇ ಬೂಷ್ಟು ಬಂತು. ಗೋಡೆಗೆ ತಾಗಿಸದೆ ಗಾಳಿ ಆಡುವ ಹಾಗೆ ನಿಲ್ಲಿಸಿಡಿ, ವಾರಕ್ಕೊಮ್ಮೆ ಪುಟ ತಿರುವಿ.

ಡೀಲಕ್ಸ್ 5 ಈಗಾಗಲೇ ಆರ್ಡರ್ ಮಾಡಿದ್ದರೆ ಕ್ಯಾನ್ಸಲ್ ಮಾಡಬೇಡಿ, ಹೇಗೂ ಬೇಕಾಗುತ್ತದೆ. ಬಂದ ಮೇಲೆ ಕವರ್ ಬಿಚ್ಚದೆ ಕಪಾಟಿನಲ್ಲಿಡಿ. ಇವತ್ತೇ 1 ತರಿಸಿ.