ಮೊಬೈಲ್ ಬರಹ ಮತ್ತು ಕನ್ನಡ ಉತ್ತರಪತ್ರಿಕೆ: ಒಂದು ಆಪ್ತಸಲಹೆ ಪ್ರಕರಣ

ರಾಜಾಜಿನಗರದ ಕಡೆಯ ತಂದೆಯೊಬ್ಬರು ಪ್ರಥಮ ಪಿಯುಸಿ ಓದುತ್ತಿರುವ ಮಗನನ್ನು ಕರೆತಂದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಿರುಪರೀಕ್ಷೆಯ ಕನ್ನಡ ಉತ್ತರಪತ್ರಿಕೆಯಲ್ಲಿ ಹುಡುಗ ‘ಮಾಡ್ತಿನಿ’, ‘ಬಂದ್ರು’ ಎಂದೇ ಬರೆದಿದ್ದ. ‘ಬೆಳೆ’ ಇರಬೇಕಾದಲ್ಲಿ ‘ಬೆಲೆ’ ಇತ್ತು. ಪುಟ ಮುಗಿದರೂ ಒಂದು ಪೂರ್ಣವಿರಾಮವಿರಲಿಲ್ಲ. ಆ ಪುಟವನ್ನು ತರಗತಿಯಲ್ಲಿ ಎಲ್ಲರೆದುರು ಓದಿಸಿದ ಮೇಲೆ ಅವನು ಕನ್ನಡ ತರಗತಿಗೆ ಹೋಗುವುದನ್ನೇ ನಿಲ್ಲಿಸಿದ್ದ. “ಎಲ್ಲ ಈ ಮೊಬೈಲ್‌ನಿಂದ ಮೇಡಂ, ಕಿತ್ತಿಟ್ಟುಬಿಡಲಾ?” ಎಂದು ತಂದೆ ಕೇಳಿದರು.

ಮೊದಲು ಹಳೆಯ ನೋಟ್‌ಬುಕ್‌ಗಳನ್ನು ತರಿಸಿ ನೋಡಿದೆ. ಕಲಿಕಾ ನ್ಯೂನತೆಯ ಗುರುತು ಸಾಮಾನ್ಯವಾಗಿ ಪ್ರಾಥಮಿಕ ಶಾಲೆಯ ಬರಹದಲ್ಲೇ ಕಾಣಿಸಿಕೊಳ್ಳುತ್ತದೆ. ಅಂಥ ಅನುಮಾನ ಬಂದಿದ್ದರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಕಳುಹಿಸುತ್ತಿದ್ದೆ. ಐದನೆಯ ತರಗತಿಯ ಪುಸ್ತಕದಲ್ಲಿ ದೀರ್ಘ, ಒತ್ತಕ್ಷರ ಎಲ್ಲವೂ ನೆಟ್ಟಗಿದ್ದವು. ಕಲಿತದ್ದು ಬಳಕೆ ತಪ್ಪಿ ಮಸುಕಾಗಿತ್ತು.

ಅವನ ಮೊಬೈಲ್‌ನಲ್ಲಿ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಹಾಗೆ ಬರೆಯುವಾಗ ಹ್ರಸ್ವ–ದೀರ್ಘ, ಲ–ಳ, ನ–ಣ, ದ–ಡ ಇವುಗಳ ವ್ಯತ್ಯಾಸವನ್ನು ಹೆಚ್ಚಿನವರು ತೋರಿಸುವುದಿಲ್ಲ. ಓದುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ, ಅರ್ಥವಾಗದಿದ್ದರೆ ತಕ್ಷಣ ಕೇಳುತ್ತಾರೆ. ಉತ್ತರಪತ್ರಿಕೆ ಓದುವವರಿಗೆ ಆ ಅವಕಾಶವಿಲ್ಲ. ಮರುಪ್ರಶ್ನೆ ಕೇಳಲಾಗದ ಓದುಗರಿಗಾಗಿ ವಾಕ್ಯವನ್ನು ಪೂರ್ತಿಗೊಳಿಸುವ ಅಭ್ಯಾಸವೇ ಈ ಹುಡುಗನಿಗೆ ತಪ್ಪಿಹೋಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

“ಅಪ್ಪನೂ ಹಾಗೇ ಕಳಿಸ್ತಾರೆ” ಎಂದು ಹುಡುಗ ಮೆಲ್ಲನೆ ಹೇಳಿದ. ಅದು ನಿಜವೂ ಆಗಿತ್ತು. ಹಿಂದೆ ಎಸ್ಸೆಮ್ಮೆಸ್‌ಗಳ ಕಾಲದಲ್ಲಿ, ಒಂದು ಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ, ಕನ್ನಡ ಲಿಪಿಯಲ್ಲಿ ಗುಣಿತದ ಗುರುತು, ಒತ್ತು ಎಲ್ಲ ಸೇರಿ 70 ಮಾತ್ರ. ಅಂದಿನ ಅನೇಕ ಫೋನ್‌ಗಳಲ್ಲಿ ಕನ್ನಡ ಮೂಡುತ್ತಲೇ ಇರಲಿಲ್ಲ. ಅನಿವಾರ್ಯದಿಂದ ಹಿರಿಯರು ಹಿಡಿದ ದಾರಿ, ಆ ಅಡ್ಡಿಗಳು ಹೋದ ಮೇಲೂ ಮನೆಯಲ್ಲಿ ಉಳಿದುಕೊಂಡಿತ್ತು. ಹಾಗಾಗಿ ಮಗನೊಬ್ಬನನ್ನೇ ಹೊಣೆ ಮಾಡುವುದು ಸರಿಯಲ್ಲವೆಂದು ತಂದೆಗೆ ನೇರವಾಗಿ ಹೇಳಿದೆ.

ಮೊಬೈಲ್ ಕಿತ್ತಿಡುವುದು ಬೇಡವೆಂದೂ ತಿಳಿಸಿದೆ. ಇಂಗ್ಲೆಂಡಿನ ಕವೆಂಟ್ರಿ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10–12 ವರ್ಷದ ಮಕ್ಕಳ ಸಂದೇಶಗಳಲ್ಲಿ ಕಿರುರೂಪಗಳ ಬಳಕೆಗೂ ಅವರ ಪದ ಓದುವ ಸಾಮರ್ಥ್ಯಕ್ಕೂ ಅನುಕೂಲಕರ ಸಂಬಂಧವೇ ಕಂಡಿತ್ತು. ಅದು ಇಂಗ್ಲಿಷಿಗೆ ಸಂಬಂಧಿಸಿದ್ದು. ಲಿಪಿಯನ್ನೇ ಬಿಟ್ಟುಕೊಡುವ ನಮ್ಮ ಸ್ಥಿತಿಗೆ ಹಾಗೆಯೇ ಅನ್ವಯಿಸದು. ಆದರೂ ಕಿರುರೂಪ ಬಳಸುವವರೆಲ್ಲ ಭಾಷೆ ಕೆಟ್ಟವರೆಂಬ ಭಯ ಬೇಕಿಲ್ಲ.

ಗೆಳೆಯರೊಂದಿಗೆ ಹೇಗಾದರೂ ಬರೆಯಲಿ, ಆದರೆ ಮನೆಯ ಸಂದೇಶಗಳು ಕನ್ನಡ ಲಿಪಿಯಲ್ಲಿರಲಿ, ಅದನ್ನು ತಂದೆಯೇ ಆರಂಭಿಸಲಿ ಎಂದು ಸೂಚಿಸಿದೆ. ಪದ ಸೂಚಿಸುವ ಕೀಲಿಮಣೆಯ ಸೌಲಭ್ಯವನ್ನು ಆಫ್ ಮಾಡಿಡಲು ಹೇಳಿದೆ, ಏಕೆಂದರೆ ಅದು ಕಾಗುಣಿತವನ್ನು ತಾನೇ ತುಂಬಿಕೊಡುತ್ತದೆ, ಕೈಗೆ ಅಭ್ಯಾಸವಾಗುವುದಿಲ್ಲ. ದಿನಕ್ಕೊಂದು ಪ್ಯಾರಾ ಕೈಯಲ್ಲಿ ಬರೆದು, ಗಟ್ಟಿಯಾಗಿ ಓದಿ, ಉಸಿರು ನಿಲ್ಲುವಲ್ಲಿ ವಾಕ್ಯ ಮುಗಿದಿದೆಯೇ, ಕರ್ತೃವಿಗೆ ತಕ್ಕ ಕ್ರಿಯಾಪದವಿದೆಯೇ ಎಂದು ತಾನೇ ಗುರುತಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಗ ಬರೆದ ವಿಷಯಕ್ಕೆ ತಂದೆ ಮೊದಲು ಉತ್ತರ ಕೊಡಬೇಕು. ತಪ್ಪು ತಿದ್ದುವುದು ಆಮೇಲೆ. ಅವಮಾನಗೊಂಡ ಮಗು ಬರೆಯುವುದನ್ನೇ ಬಿಟ್ಟರೆ ತಿದ್ದಲು ಏನೂ ಉಳಿಯುವುದಿಲ್ಲ.

ಮುಂದಿನ ಭೇಟಿಯ ಹೊತ್ತಿಗೆ ಹುಡುಗ ತರಗತಿಗೆ ಮರಳಿದ್ದ. ಪೂರ್ಣವಿರಾಮ, ದೀರ್ಘಗಳು ಬರತೊಡಗಿವೆ. ಲ–ಳ ಗೊಂದಲ ಇನ್ನೂ ಇರುವುದರಿಂದ ಅಭ್ಯಾಸವನ್ನು ವರ್ಷಾಂತ್ಯದವರೆಗೆ ಮುಂದುವರಿಸಲು ತಿಳಿಸಿದ್ದೇನೆ.